ಬಣ್ಣ ಬಾರದ ಕಂಬಗಳು

ಈ ವರ್ಷ ಜುಲೈ ತಿಂಗಳ ಮೂರನೇ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಕುರ್ಲಾ ಸ್ಟೇಷನ್ನಿನ ಹಾರ್ಬರ್ ಲೈನ್ ಪ್ಲಾಟ್‌ಫಾರ್ಮಿನಲ್ಲಿ ಅರವತ್ತಾರು ವರ್ಷದ ಒಬ್ಬರು ಕುಸಿದು ಬಿದ್ದರು. ಬದಲಾಪುರದಿಂದ ಬಂದಿಳಿದು ಚೆಂಬೂರಿನ ಗಾಡಿಗಾಗಿ ಕಾಯುತ್ತಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಹೃದಯಾಘಾತ ಎಂದು ವೈದ್ಯರು ಬರೆದರು. ಹೆಗಲಚೀಲದಲ್ಲಿ ಊಟದ ಡಬ್ಬಿ, ಒಂದು ಸ್ಪ್ರೇ ಬಾಟಲಿ, ಬೆರಳಗಲದ ಗಾಜಿನ ಪಟ್ಟಿಗಳ ಒಂದು ಕಟ್ಟು ಇತ್ತು. ರೈಲ್ವೆ ಪೊಲೀಸರು ಬಾಟಲಿಯ ಮುಚ್ಚಳ ತೆಗೆದು ಮೂಸಿ, ಇದೇನು ಎಂದು ಅವರ ಹೆಂಡತಿಯನ್ನು ಕೇಳಿದರು. "ಸಿಮೆಂಟ್ ನೋಡೂ ಔಷಧ ಅದು" ಎಂದು ಆಕೆ ಹೇಳಿದರು.

ಹೆಸರು ಹಾಕುವುದು ಬೇಡ ಎಂದು ಆಕೆಯೇ ಕೇಳಿಕೊಂಡಿದ್ದಾರೆ. ನಮ್ಮ ಕಟ್ಟಡದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇರಲಿಲ್ಲ. ಎಲ್ಲರಿಗೂ ಅವರು ಕಾಕಾ.

ಚೆಂಬೂರಿನ ಆ ಹೌಸಿಂಗ್ ಸೊಸೈಟಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಅವರ ಕೆಳಗಿನ ಮನೆಯಲ್ಲಿದ್ದೆ. ನೆಲದಲ್ಲಿ ಬರೀ ಕಂಬಗಳು ಮತ್ತು ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಹದಿನಾರು ಮನೆ. ಲಿಫ್ಟ್ ಇಲ್ಲ. ಮರಾಠಿಯವರು, ತಮಿಳರು, ಒಂದು ಸಿಂಧಿ ಕುಟುಂಬ, ಕನ್ನಡದವರು ಮೂರು ಮನೆ: ಕಾಕಾ, ನಾನು, ಮತ್ತು ಮೊದಲ ಮಹಡಿಯ ಸೆಕ್ರೆಟರಿ. ಸೆಕ್ರೆಟರಿ ಕುಂದಾಪುರದ ಕಡೆಯವರು, ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಕಾಕಾ ವಿಜಯಪುರ ಜಿಲ್ಲೆಯವರು. ಮುಂಬೈಗೆ ಬಂದು ನಲವತ್ತು ವರ್ಷದ ಮೇಲಾಗಿದ್ದರೂ ಮಾತು ಅಲ್ಲಿಯದೇ.

ಅವರ ಕೆಲಸ ಕಾಂಕ್ರೀಟ್ ಪರೀಕ್ಷೆ. ಕಟ್ಟಡ ಸಾಮಗ್ರಿ ಪರೀಕ್ಷಿಸುವ ಖಾಸಗಿ ಲ್ಯಾಬ್ ಒಂದರಲ್ಲಿ ಟೆಕ್ನೀಷಿಯನ್. ಡಿಪ್ಲೊಮಾ ಓದಿದ್ದರು, ಎಂಜಿನಿಯರ್ ಅಲ್ಲ. "ರಿಪೋರ್ಟಿನ ಕೆಳಗ ಸಹಿ ಸಾಹೇಬರದು, ರಿಪೋರ್ಟಿನ ಒಳಗ ಬೆವರು ನಂದು" ಎನ್ನುತ್ತಿದ್ದರು. ಸೈಟಿನಿಂದ ತಂದ ಕಾಂಕ್ರೀಟನ್ನು ಕ್ಯೂಬ್ ಮಾಡಿ, ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಆಮೇಲೆ ಯಂತ್ರಕ್ಕೆ ಕೊಟ್ಟು ಒಡೆಯುವುದು. ತೊಟ್ಟಿಯ ನೀರು ಮೇ ತಿಂಗಳಿರಲಿ ಜನವರಿಯಿರಲಿ ಇಪ್ಪತ್ತೇಳು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಕರೆಂಟ್ ಹೋದರೆ ರಜೆಯ ದಿನವೂ ಲ್ಯಾಬಿಗೆ ಓಡುತ್ತಿದ್ದರು.

"ಆ ಸಿಮೆಂಟ್ ಗಟ್ಟಿಗೆ ಇಪ್ಪತ್ತೇಳು ಡಿಗ್ರಿ, ಒಲಿ ಮುಂದ ನಿಂತಾಕಿಗೆ ನಲವತ್ತೈದು. ಮುಂದಿನ ಜನ್ಮದಾಗ ಕ್ಯೂಬ್ ಆಗಿ ಹುಟ್ತೀನಿ" ಎಂದು ವೈನಿ, ಅಂದರೆ ಅವರ ಹೆಂಡತಿ, ನಮ್ಮೆದುರಿಗೇ ಹೇಳುತ್ತಿದ್ದರು.

"ಹುಟ್ಟು ಮಾರಾಯ್ತಿ, ಇಪ್ಪತ್ತೆಂಟನೇ ದಿನಕ್ಕ ಒಡಿಯೂದೈತಿ ಮತ್ತ" ಎಂದು ಕಾಕಾ ಉತ್ತರ ಕೊಡುತ್ತಿದ್ದರು.

ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಡಯಲ್ ಥರ್ಮಾಮೀಟರ್ ಸದಾ ಇರುತ್ತಿತ್ತು. ಅಡುಗೆಮನೆಗೆ ಬೇರೆಯದು. ಸೆಕ್ರೆಟರಿಯ ಮನೆಯಲ್ಲಿ ಬೇಸಿಗೆಯ ಮೊಸರು ಹುಳಿ ಬರುತ್ತದೆ, ಚಳಿಗಾಲದಲ್ಲಿ ಹೆಪ್ಪೇ ಕಟ್ಟುವುದಿಲ್ಲ ಎಂದು ದೂರು ಬಂದಾಗ ಅದನ್ನು ತೆಗೆದುಕೊಂಡು ಮೊದಲ ಮಹಡಿಗೆ ಇಳಿದಿದ್ದರು. ಹಾಲು ನಲವತ್ತೆರಡಕ್ಕೆ ಇಳಿದಾಗ ಹೆಪ್ಪು ಹಾಕಬೇಕು. ಅದಕ್ಕಿಂತ ತಣ್ಣಗಿದ್ದರೆ ಅದು ಮಲಗಿಬಿಡುತ್ತದೆ, ತೀರಾ ಬಿಸಿಯಿದ್ದರೆ ಸಾಯುತ್ತದೆ ಎಂದು ವಿವರಿಸಿದರು. ಥರ್ಮಾಮೀಟರ್ ಇಲ್ಲದವರು ಏನು ಮಾಡಬೇಕು ಎಂದು ಕೇಳಿದ್ದಕ್ಕೆ, "ಬೆರಳ ಅದ್ದಿ ಹತ್ತು ಎಣಸ್ರಿ. ಏಳಕ್ಕ ಬೆರಳ ತಗದ್ರ ಇನ್ನಾ ಬಿಸಿ, ಇಪ್ಪತ್ತಾದ್ರೂ ತಗೀಬೇಕು ಅನಿಸಲಿಲ್ಲಂದ್ರ ತಡ ಆತು." ಕಟ್ಟಡದ ಹದಿನಾರು ಮನೆಗಳಲ್ಲಿ ಮೊಸರು ಬಹಳ ವರ್ಷ ಈ ಲೆಕ್ಕದ ಮೇಲೆ ಹೆಪ್ಪುಗಟ್ಟಿತು.

ಉಷ್ಣದ ವಿಷಯದಲ್ಲಿ ಅವರದೊಂದು ಮಾತಿತ್ತು. ಹತ್ತು ಡಿಗ್ರಿ ಏರಿದರೆ ಅವಸರ ಎರಡು ಪಟ್ಟಾಗುತ್ತದೆ. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಂದಿಗೆ ಕೂಡಿ ಬೇರೆಯೇ ವಸ್ತುವಾಗಿ ಗಟ್ಟಿಯಾಗುತ್ತದೆ ಎಂಬುದನ್ನು ನನಗೆ ಮೊದಲು ಹೇಳಿದವರು ಅವರು. ಬಿಸಿಲಿನಲ್ಲಿ ಆ ಕೂಡಿಕೆ ಬೇಗ ನಡೆಯುತ್ತದೆ. ಬೇಗ ನಡೆದದ್ದು ಮೊದಲ ವಾರ ಚೆನ್ನಾಗಿ ಕಾಣುತ್ತದೆ, ತಿಂಗಳ ಕೊನೆಗೆ ಸೋಲುತ್ತದೆ. "ಬ್ಯಾಗನ ಗಟ್ಟಿ ಆಗೂದು ಬ್ಯಾರೆ, ಭಾಳ ಗಟ್ಟಿ ಆಗೂದು ಬ್ಯಾರೆ."

ಒಂದು ಮೇ ತಿಂಗಳಲ್ಲಿ ನನ್ನ ಪತ್ರಿಕೆಗೆ ಸೇತುವೆ ಕೆಲಸದ ವರದಿ ಮಾಡಲು ಹೋದಾಗ ಅವರನ್ನು ಸೈಟಿನಲ್ಲಿ ಕಂಡೆ. ಸಯನ್ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕಾಂಕ್ರೀಟ್ ಗಾಡಿ ಎರಡೂವರೆ ತಾಸು ತಡವಾಗಿ ಬಂದಿತ್ತು. ಕಾಕಾ ಥರ್ಮಾಮೀಟರ್ ಚುಚ್ಚಿದರು. ಆ ಕೆಲಸಕ್ಕೆ ನಿಗದಿಯಾದ ಮಿತಿ ಮೂವತ್ತೆರಡು. ಮುಳ್ಳು ಮೂವತ್ತೊಂಬತ್ತು ತೋರಿಸಿತು. ಚಾಲಕ ಕೆಳಗಿಳಿದು ಬಂದು, "ದಾದಾ, ಏಕ್ ಬಾಲ್ಟಿ ಪಾನಿ ಡಾಲ್ ದೋ, ಮಖ್ಖನ್ ಹೋ ಜಾಯೇಗಾ" ಎಂದ. ಒಂದು ಬಕೆಟ್ ನೀರು ಸುರಿದರೆ ಬೆಣ್ಣೆಯಂತಾಗುತ್ತದೆ ಎಂದು. "ಮಖ್ಖನ್ ಕೇ ಊಪರ್ ಪುಲ್ ನಹೀಂ ಟಿಕ್ತಾ" ಎಂದು, ಬೆಣ್ಣೆಯ ಮೇಲೆ ಸೇತುವೆ ನಿಲ್ಲುವುದಿಲ್ಲ ಎಂದು ಹೇಳಿ ಕಾಕಾ ಚೀಟಿಯ ಮೇಲೆ ಅಡ್ಡಗೆರೆ ಎಳೆದರು. ಸೈಟ್ ಎಂಜಿನಿಯರ್ ಕೂಗಾಡಿದರು. ಗಾಡಿ ವಾಪಸು ಹೋಯಿತು. ಬಿಸಿಲಿನಲ್ಲಿ ನಿಂತಿದ್ದ ಕೂಲಿಯವರಲ್ಲಿ ಮೂವರು ಅವರದೇ ತಾಲೂಕಿನವರು. ಒಬ್ಬ ಕೇಳಿದ: "ಯಾಕ್ರಿ ಯಜಮಾನ್ರ, ಇವತ್ತಿನ ಕೆಲಸ ಕೆಡಿಸಿದ್ರಲ್ಲ?" ಕಾಕಾ ಊಟದ ಡಬ್ಬಿ ತೆರೆದು ತಮ್ಮ ರೊಟ್ಟಿಯಲ್ಲಿ ಎರಡು ಅವನಿಗೆ ಕೊಟ್ಟರು.

ಸ್ಪ್ರೇ ಬಾಟಲಿಯ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಹೊಸ ಕಾಂಕ್ರೀಟ್ ಕ್ಷಾರ. ಸುಣ್ಣದಂಥ ಆ ಗುಣವೇ ಒಳಗಿನ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ಒಳಗಿಳಿಯುತ್ತ ಆ ಕ್ಷಾರವನ್ನು ಕೊಲ್ಲುತ್ತದೆ. ಅದು ಕಬ್ಬಿಣ ಮುಟ್ಟಿದ ಮೇಲೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಬಾಟಲಿಯಲ್ಲಿದ್ದ ದ್ರಾವಣವನ್ನು ಈಗತಾನೇ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಿದರೆ ಕ್ಷಾರವಿದ್ದಲ್ಲಿ ಕಡು ಗುಲಾಬಿ ಬಣ್ಣ ಬರುತ್ತದೆ. ಸತ್ತಲ್ಲಿ ಏನೂ ಬರುವುದಿಲ್ಲ, ನೀರು ಚೆಲ್ಲಿದಂತೆ ಕಾಣುತ್ತದೆ. ಚೆಂಬೂರಿನ ಸೆಕೆ, ತೇವ, ಕಾರ್ಖಾನೆಗಳ ಹೊಗೆ ಈ ಕೆಲಸವನ್ನು ಚುರುಕು ಮಾಡುತ್ತವೆ ಎಂದು ಕಾಕಾ ಹೇಳುತ್ತಿದ್ದರು.

ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಅವರು ಕಲಿಸುತ್ತಿದ್ದ ಮೊದಲ ನಿಯಮ: ಬಣ್ಣ ನೋಡುವ ಮೊದಲು ವಯಸ್ಸು ಕೇಳು. ಈ ಸಿಮೆಂಟ್ ಯಾವಾಗ ಹಾಕಿದ್ದು, ಮೇಲೆ ಯಾರಾದರೂ ತೇಪೆ ಹಾಕಿದ್ದಾರೆಯೇ, ಕೇಳದೆ ಬಾಟಲಿ ಮುಟ್ಟಬಾರದು.

ಐದು ವರ್ಷದ ಹಿಂದೆ ಜನವರಿಯ ಒಂದು ಭಾನುವಾರ ಅವರು ಅದನ್ನು ಕೇಳಲಿಲ್ಲ.

ಮೂವತ್ತು ವರ್ಷ ದಾಟಿದ ಕಟ್ಟಡಗಳು ಹೊರಗಿನ ಪರವಾನಗಿ ಎಂಜಿನಿಯರರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ಇಲ್ಲಿನ ನಿಯಮ. ನಮ್ಮ ಸೊಸೈಟಿಗೂ ಅದರ ಪತ್ರ ಬಂದಿತ್ತು. ಸಭೆಯಲ್ಲಿ ಸೆಕ್ರೆಟರಿ ಹೇಳಿದರು: "ಅಲ್ಲ, ಮನೆಯಲ್ಲೇ ಡಾಕ್ಟರ್ ಇರುವಾಗ ಪೇಟೆ ಡಾಕ್ಟರ್ ಯಾಕೆ? ಕಾಕಾ ಒಮ್ಮೆ ನೋಡಲಿ. ಅವರು ಬೇಕು ಅಂದ್ರೆ ಆಮೇಲೆ ಕರೆಸುವ." ಎಲ್ಲರೂ ಒಪ್ಪಿದರು. ಕಾಕಾನಿಗೂ ಇದು ಮರ್ಯಾದೆಯ ಮಾತಾಗಿ ಕಂಡಿರಬೇಕು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಳಿದು ಬಂದರು. ಹೆಂಗಸರು, ಮಕ್ಕಳು ಪಾರ್ಕಿಂಗಿನಲ್ಲಿ ಸುತ್ತ ನಿಂತಿದ್ದರು. ನಾಲ್ಕು ಕಂಬಗಳಲ್ಲಿ ಒಂದು ಇಂಚು ಆಳಕ್ಕೆ ಕೊರೆದು, ಪುಡಿ ಊದಿ ತೆಗೆದು, ಸಿಂಪಡಿಸಿದರು. ನಾಲ್ಕರಲ್ಲೂ ಗುಲಾಬಿ. ಮಕ್ಕಳು ಚಪ್ಪಾಳೆ ಹೊಡೆದರು. ತಮಿಳು ಮನೆಯ ಅಜ್ಜಿ ಕಂಬಕ್ಕೆ ಕೈಮುಗಿದರು. "ಇನ್ನೂ ಹತ್ತಿಪ್ಪತ್ತು ವರ್ಷ ಚಿಂತಿ ಇಲ್ಲ" ಎಂದು ಕಾಕಾ ಹೇಳಿದರು. ಆ ದಿನದ ನಡಾವಳಿ ಬರೆದದ್ದು ನಾನು: ಹೊರಗಿನ ಪರೀಕ್ಷೆಯನ್ನು ಸದ್ಯಕ್ಕೆ ಮುಂದೂಡಲಾಯಿತು.

ಅದಕ್ಕೂ ಎರಡು ವರ್ಷ ಮೊದಲು ಆ ಕಂಬಗಳಿಗೆ ರಿಪೇರಿ ಆಗಿತ್ತು. ಬಿರುಕು ಕಂಡಲ್ಲೆಲ್ಲ ಕಂಟ್ರಾಕ್ಟರ್ ಎರಡು ಇಂಚು ದಪ್ಪದ ಹೊಸ ಸಿಮೆಂಟಿನ ಕವಚ ತೊಡಿಸಿ ಬಣ್ಣ ಹೊಡೆದು ಹೋಗಿದ್ದ. ಆ ಎಂಟು ತಿಂಗಳು ಕಾಕಾ ಕೊಂಕಣದ ಕಡೆ ಸೇತುವೆ ಕೆಲಸದಲ್ಲಿದ್ದರು. ಮನೆಗೆ ಬರುತ್ತಿದ್ದದ್ದು ತಿಂಗಳಿಗೊಂದು ಭಾನುವಾರ. ನಮಗೆಲ್ಲ ರಿಪೇರಿಯ ವಿಷಯ ಗೊತ್ತಿತ್ತು. ಅದು ಮುಖ್ಯವೆಂದು ನಮಗೆ ತಿಳಿದಿರಲಿಲ್ಲ. ಮುಖ್ಯವೆಂದು ತಿಳಿದಿದ್ದ ಒಬ್ಬರೇ ಮನುಷ್ಯ, ತಾವಿರುವ ಕಟ್ಟಡದ ವಯಸ್ಸನ್ನು ಯಾರನ್ನೂ ಕೇಳಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಕೊಳಾಯಿ ಬದಲಿಸುತ್ತಿದ್ದ ಪ್ಲಂಬರನ ಸುತ್ತಿಗೆ ತಗುಲಿ ಹಿಂಬದಿಯ ಕಂಬವೊಂದರ ಮೂಲೆ ಕಳಚಿ ಬಿತ್ತು. ಕೆಲಸಕ್ಕೆ ಹೊರಟಿದ್ದ ನಾನು ಅಲ್ಲೇ ಇದ್ದೆ. ಕಾಕಾ ಬಂದು ತುಂಡನ್ನು ಎತ್ತಿಕೊಂಡರು. ಹೊರಗೆ ಎರಡು ಇಂಚು ಒಂದು ಬಣ್ಣ, ಒಳಗೆ ಇನ್ನೊಂದು ಬಣ್ಣ. ಒಳಗಿನದನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಉದುರುತ್ತಿತ್ತು. ಮೇಲೆ ಹೋಗಿ ಬಾಟಲಿ ತಂದರು. ಹೊರಗಿನ ಪದರ ಗುಲಾಬಿಯಾಯಿತು. ಒಳಗಿನದು ಒದ್ದೆಯಾಯಿತು, ಅಷ್ಟೇ.

"ಇದು ಯಾವಾಗ ಹಾಕಿದ್ದು?" ಎಂದು ಕವಚ ತೋರಿಸಿ ಕೇಳಿದರು.

ಹೇಳಿದೆ.

"ಆವತ್ತ ನನಗ ಯಾರೂ ಹೇಳಲಿಲ್ಲ."

"ನೀವು ಕೇಳಲಿಲ್ಲ ಕಾಕಾ."

"ಹೌದು" ಎಂದರು.

ಆ ವಾರ ಒಬ್ಬರೇ ಏಳು ಕಂಬಗಳನ್ನು ಆಳಕ್ಕೆ ಕೊರೆದು ನೋಡಿದರು. ಐದರಲ್ಲಿ ಕಬ್ಬಿಣದವರೆಗೂ ಬಣ್ಣ ಬರಲಿಲ್ಲ. ಒಂದು ಪುಟದ ಪತ್ರ ಬರೆದು ಸೊಸೈಟಿಗೆ ಕೊಟ್ಟರು: ನನ್ನ ಹಿಂದಿನ ಪರೀಕ್ಷೆ ತಪ್ಪು, ಕೂಡಲೇ ಎಂಜಿನಿಯರರನ್ನು ಕರೆಸಿ, ಮಳೆಗಾಲದ ಮೊದಲು ಮನೆಗಳನ್ನು ಖಾಲಿ ಮಾಡುವುದು ಒಳ್ಳೆಯದು.

ಮಾರ್ಚ್ ಸಭೆ ಪಾರ್ಕಿಂಗಿನಲ್ಲೇ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಅದೇ ಕಂಬಗಳ ನಡುವೆ ನಡೆಯಿತು. ಕಾಕಾ ಎದ್ದು ನಿಂತು ಹಿಂದಿಯಲ್ಲಿ ಮಾತಾಡಿದರು. ನಾನು ಸಿಂಪಡಿಸಿದ್ದು ತೇಪೆಯ ಮೇಲೆ, ತೇಪೆ ಹೊಸದು, ಕಂಬ ಹಳೆಯದು ಎಂದರು. ಸೆಕ್ರೆಟರಿ ಕನ್ನಡದಲ್ಲಿ ಕೇಳಿದರು, ಉಳಿದವರಿಗೆ ತಾವೇ ಹಿಂದಿಯಲ್ಲಿ ಹೇಳಿದರು.

"ಕಾಕಾ, ಅವತ್ತು ಪಿಂಕ್ ಅಂದವರೂ ನೀವೇ, ಇವತ್ತು ಬಿಳಿ ಅನ್ನುವವರೂ ನೀವೇ. ನಾವು ಯಾವ ಕಾಕಾನನ್ನು ನಂಬುವುದು ಮಾರಾಯ್ರೆ?"

ನಗು ಎದ್ದಿತು. ಕಾಕಾ ಕೂಡ ಸ್ವಲ್ಪ ನಕ್ಕರು. "ಇವತ್ತಿನವನ್ನ ನಂಬ್ರಿ. ಆವತ್ತಿನವಗ ಸೊಕ್ಕು ಇತ್ತು."

ಮೂರನೇ ಮಹಡಿಯ ಮರಾಠಿ ಹೆಂಗಸು, ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ಓದಿಸುತ್ತಿದ್ದವಳು, ಒಂದೇ ಪ್ರಶ್ನೆ ಕೇಳಿದಳು: "ಕಾಕಾ, ಗೇಲೋ ತರ್ ಪರತ್ ಯೇತಾ ಯೇಯೀಲ್ ಕಾ?" ಹೋದರೆ ಮತ್ತೆ ಬರಲಿಕ್ಕಾಗುತ್ತದೆಯೇ. ಇದು ಸಣ್ಣ ಪ್ರಶ್ನೆಯಲ್ಲ. ಹೊಸದಾಗಿ ಕಟ್ಟಿಸಿಕೊಡುತ್ತೇವೆಂಬ ಮಾತಿನ ಮೇಲೆ ಮನೆ ಬಿಟ್ಟು, ಹತ್ತು ಹನ್ನೆರಡು ವರ್ಷ ಬಾಡಿಗೆ ಖೋಲಿಗಳಲ್ಲಿ ಕಳೆದು, ಅಲ್ಲೇ ಸತ್ತವರು ನಮ್ಮ ಓಣಿಯಲ್ಲೇ ಇದ್ದಾರೆ. ಕಾಕಾ, "ತೇ ಮಲಾ ಮಾಹೀತ್ ನಾಹೀ" ಎಂದರು. ಅದು ನನಗೆ ಗೊತ್ತಿಲ್ಲ. ಸುಳ್ಳು ಭರವಸೆ ಕೊಟ್ಟಿದ್ದರೆ ಆ ದಿನ ನಾಲ್ಕು ಮನೆಯವರಾದರೂ ಒಪ್ಪುತ್ತಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ಮಳೆಗಾಲದ ನಂತರ ಪರಿಶೀಲಿಸುವುದೆಂದು ಠರಾವಾಯಿತು. ಅದನ್ನೂ ನಾನೇ ಬರೆದೆ.

ಏಪ್ರಿಲ್‌ನಲ್ಲಿ ಕಾಕಾ ಮಹಾನಗರಪಾಲಿಕೆಯ ವಾರ್ಡ್ ಆಫೀಸಿಗೆ ತಾವೇ ಅರ್ಜಿ ಕೊಟ್ಟರು. ಗೇಟಿಗೆ ನೋಟಿಸ್ ಅಂಟಿತು: ಇಷ್ಟು ದಿನದೊಳಗೆ ಎಂಜಿನಿಯರರ ವರದಿ ಸಲ್ಲಿಸಬೇಕು. ಅಲ್ಲಿಂದ ಮಾತು ನಿಂತಿತು. ಮೆಟ್ಟಿಲಲ್ಲಿ ಎದುರಾದವರು ಗೋಡೆಯ ಕಡೆ ಸರಿದು ಹೋಗುತ್ತಿದ್ದರು. ವೈನಿ ಶುಕ್ರವಾರದ ಭಜನೆಗೆ ಹೋಗಿ ಕೂತರೆ ಪಕ್ಕದ ಚಾಪೆ ಖಾಲಿ ಉಳಿಯುತ್ತಿತ್ತು. ಮಕ್ಕಳು ಕಿಟಕಿಯಿಂದ "ಪಿಂಕ್ ಕಾಕಾ" ಎಂದು ಕೂಗಿ ತಲೆ ಒಳಗೆಳೆದುಕೊಳ್ಳುತ್ತಿದ್ದರು.

ಆದರೂ ಕಾಕಾ ಮನೆ ಬಿಡಲಿಲ್ಲ. ಬದಲಾಪುರದಲ್ಲಿ ವೈನಿಯ ತಮ್ಮನ ಖಾಲಿ ಮನೆಯಿತ್ತು, ಬೀಗದಕೈ ಅವರ ಕೈಯಲ್ಲೇ ಇತ್ತು. "ನನ್ನ ಮಾತ ನಂಬಿ ಐದು ವರ್ಷ ಕುಂತ ಮಂದಿ. ಅವರನ್ನ ಒಳಗ ಬಿಟ್ಟು ನಾ ಮೊದಲ ಹೊರಗ ಹೋದ್ರ ಹ್ಯಾಂಗ? ಕಡೇ ಮನಿ ಖಾಲಿ ಆದ ಮ್ಯಾಲ ನಂದು" ಎಂದು ನನಗೆ ಹೇಳಿದರು. ನನಗೆ ಅದು ಸರಿಯೆಂದೇ ತೋರಿತು.

ಮೇ ಕೊನೆಯಲ್ಲಿ ವೈನಿ ಅದನ್ನು ಮುರಿದರು. ನಡೆದದ್ದನ್ನು ಅವರೇ ನನಗೆ ಹೇಳಿದ್ದಾರೆ. ತರಕಾರಿ ತಂದು ಮೆಟ್ಟಿಲೇರುವಾಗ ಒಂದನೇ ಮಹಡಿಯಲ್ಲಿ ಇಬ್ಬರು ಹೆಂಗಸರು ಮಾತಾಡುವುದು ಕಿವಿಗೆ ಬಿತ್ತು. ಬೀಳುವ ಕಟ್ಟಡವಾಗಿದ್ದರೆ ಕಾಕಾ ಇಲ್ಲಿ ಮಲಗುತ್ತಿದ್ದರೇ? ಅವರೇ ಹೋಗಿಲ್ಲ. ಹೆದರಿಸುವುದಕ್ಕೆ ಹೇಳುತ್ತಾರೆ, ಅಷ್ಟೇ. ವೈನಿ ಮೇಲೆ ಬಂದು ಚೀಲ ಇಟ್ಟು ಗಂಡನೆದುರು ನಿಂತರು.

"ನೀವು ಇಲ್ಲಿ ಕುಂತದ್ದು ಪ್ರಾಯಶ್ಚಿತ್ತ ಅಂತ ನೀವು ತಿಳಕೊಂಡೀರಿ. ಮಂದಿ ಅದನ್ನ ಸರ್ಟಿಫಿಕೇಟ್ ಅಂತ ಓದಾಕತ್ತಾರ."

ಕಾಕಾ, "ಎರಡನೇ ಸಲ ತಪ್ಪಿದೆ" ಎಂದು ಹೇಳಿ ಅಟ್ಟದ ಮೇಲಿನ ಟ್ರಂಕ್ ಇಳಿಸಿದರು. ಮರುದಿನ ಹಾಡಹಗಲೇ, ಎಲ್ಲರಿಗೂ ಕಾಣುವ ಹಾಗೆ, ಟೆಂಪೊ ತರಿಸಿದರು. ಸಾಮಾನು ಇಳಿಸಲು ಯಾರೂ ಕೈಹಚ್ಚಲಿಲ್ಲ. ಸೆಕ್ರೆಟರಿ ಬಾಲ್ಕನಿಯಲ್ಲಿ ನಿಂತು ನೋಡಿದರು.

"ಓಡಿ ಹೋದರು" ಎಂದರು ಕೆಲವರು. ಆದರೆ ಅದೇ ವಾರ ಸಿಂಧಿ ಕುಟುಂಬ ಹೊರಟಿತು, ಆಮೇಲೆ ಮರಾಠಿ ತಾಯಿ ಮತ್ತು ಹೆಣ್ಣುಮಕ್ಕಳು. ನಾಲ್ಕನೆಯದು ನನ್ನ ಮನೆ. ಜೂನ್ ಮುಗಿಯುವಷ್ಟರಲ್ಲಿ ಏಳು ಮನೆಗಳಿಗೆ ಬೀಗ ಬಿತ್ತು.

ಮಳೆ ಹಿಡಿದ ಮೇಲೆ ಕಾಕಾ ದಿನಾ ಬದಲಾಪುರದಿಂದ ಲೋಕಲ್ ಹಿಡಿದು ಬರತೊಡಗಿದರು. ಕಂಬಗಳ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿಗಳನ್ನು ಅಂಟಿಸಿ, ಪ್ರತಿಯೊಂದರ ಮೇಲೂ ದಿನಾಂಕ ಬರೆದಿದ್ದರು. ಗಾಜು ಹಿಗ್ಗುವುದಿಲ್ಲ, ಬಿರುಕು ಕೂದಲೆಳೆಯಷ್ಟು ಅಗಲವಾದರೂ ಒಡೆಯುತ್ತದೆ. ಹನ್ನೊಂದು ಪಟ್ಟಿಗಳಲ್ಲಿ ನಾಲ್ಕು ಒಡೆದವು. ಒಡೆದದ್ದರ ಪಕ್ಕ ಹೊಸದು ಅಂಟಿಸಿ, ಒಳಗೆ ಉಳಿದಿದ್ದ ಮನೆಗಳ ಗಂಟೆ ಒತ್ತಿ, ತುಂಡನ್ನು ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ಕೆಲವರು ಬಾಗಿಲು ತೆಗೆಯುತ್ತಿರಲಿಲ್ಲ.

ಒಂದು ದಿನ ನಾನೂ ಜೊತೆಗಿದ್ದಾಗ ಸೆಕ್ರೆಟರಿ ಕೆಳಗಿಳಿದು ಬಂದರು. "ಮನೆ ಬಿಟ್ಟವರಿಗೆ ಇಲ್ಲಿ ಎಂತ ಕೆಲಸ ಕಾಕಾ?"

"ಕೆಲಸ ಏನಿಲ್ರಿ. ಗಾಜ ನೋಡ್ಕೊಂಡು ಹೊಂಟೆ."

"ಮೂವತ್ತೇಳು ವರ್ಷ ಮಾಟುಂಗದಲ್ಲಿ ನಿಂತು ಕೆಲಸ ಮಾಡಿ ತೆಗೆದುಕೊಂಡ ಮನೆ ಇದು. ನಿಮ್ಮ ಒಂದು ಬಾಟಲಿಗೆ ಬಿಟ್ಟು ಹೋಗುವುದಾ?"

"ಬಾಟಲಿಗೆ ಬ್ಯಾಡ. ಆ ನೀರು ಗೋಡಿಗುಂಟ ಇಳ್ಯೂದು ನೋಡ್ರಿ, ಅದಕ್ಕ ಬಿಡ್ರಿ."

ಸೆಕ್ರೆಟರಿ ಮೇಲೆ ಹೋದರು. ಹತ್ತು ನಿಮಿಷದ ಮೇಲೆ ಅವರ ಮನೆಯಿಂದ ಎರಡು ಲೋಟ ಚಹಾ ಬಂತು. ಕಾಕಾ ಕಂಬಕ್ಕೆ ಒರಗದೆ, ದೂರ ಗೇಟಿನ ಬಳಿ ನಿಂತು ಕುಡಿದರು. ನನ್ನನ್ನೂ ಅಲ್ಲಿಗೇ ಕರೆದರು.

ಜುಲೈ ಎರಡನೇ ವಾರ, ನೋಟಿಸಿನ ಗಡುವು ಮೀರಿದ ಮೇಲೆ, ಸೊಸೈಟಿ ಕೊನೆಗೂ ಕರೆಸಿದ ಎಂಜಿನಿಯರ್ ಬಂದರು. ಕವಚ ಯಾವುದು, ಹಳೆಯ ಕಂಬ ಯಾವುದು ಎಂದು ಕಾಕಾ ಒಂದೊಂದನ್ನೂ ತೋರಿಸಿಕೊಟ್ಟರು. ಯಂತ್ರದಿಂದ ಕೊರೆದು ತೆಗೆದ ಉದ್ದನೆಯ ತುಂಡುಗಳು ಲ್ಯಾಬಿಗೆ ಹೋದವು. ಫಲಿತಾಂಶ ಬರುವ ಮೊದಲು ಕುರ್ಲಾ ಸ್ಟೇಷನ್ನಿನ ಘಟನೆ ನಡೆಯಿತು. ಬದಲಾಪುರದ ಅಂತ್ಯಕ್ರಿಯೆಗೆ ಕಟ್ಟಡದಿಂದ ಹನ್ನೊಂದು ಜನ ಬಂದಿದ್ದರು. ಸೆಕ್ರೆಟರಿ ಬಂದಿದ್ದರು. ವೈನಿಯ ಮುಂದೆ ಕೈಮುಗಿದು ನಿಂತರು.

ಆಗಸ್ಟ್ ಮೊದಲ ವಾರ ವರದಿ ಬಂತು. ಕಟ್ಟಡವನ್ನು ಸಿ-ಒನ್ ವರ್ಗಕ್ಕೆ, ಅಂದರೆ ಕೂಡಲೇ ತೆರವು ಮಾಡಿ ಕೆಡವಬೇಕಾದ ಅಪಾಯಕಾರಿ ಕಟ್ಟಡಗಳ ಸಾಲಿಗೆ ಸೇರಿಸಲಾಗಿತ್ತು. ಅದರ ಬೆನ್ನಿಗೆ ಇನ್ನೂ ನಾಲ್ಕು ಮನೆಗಳು ಖಾಲಿಯಾದವು. ಎರಡು ವಾರದ ನಂತರ ಸೆಕ್ರೆಟರಿ ಮತ್ತು ಉಳಿದವರು ಬೇರೊಬ್ಬ ಎಂಜಿನಿಯರರಿಂದ ಇನ್ನೊಂದು ವರದಿ ತರಿಸಿ ಸಲ್ಲಿಸಿದರು. ರಿಪೇರಿ ಮಾಡಿದರೆ ಸಾಕು ಎಂದು ಅದರಲ್ಲಿದೆ. ಎರಡು ವರದಿಗಳು ಪರಸ್ಪರ ವಿರುದ್ಧವಾಗಿರುವುದರಿಂದ ವಿಷಯವನ್ನು ತಾಂತ್ರಿಕ ಸಮಿತಿಗೆ ಒಪ್ಪಿಸಲಾಗಿದೆ. ಸಮಿತಿಯ ಸಭೆಗೆ ಇನ್ನೂ ದಿನ ನಿಗದಿಯಾಗಿಲ್ಲ. ಇದನ್ನು ಬರೆಯುವ ಹೊತ್ತಿಗೆ ಆ ಕಟ್ಟಡದ ಐದು ಮನೆಗಳಲ್ಲಿ ಹದಿನೇಳು ಜನ ವಾಸವಾಗಿದ್ದಾರೆ.